ಭುಜ ನೋಡಿ ಮಣೆ

ಮುಖ ನೋಡಿ ಮಣೆ ಹಾಕಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮುಂಬಯಿಗೆ ಬಂದು ನೆಲೆಸಿದ ನಾವು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದೇವೆ. ಈಗ ನಾವು ಮುಖ ನೋಡುವುದಿಲ್ಲ, ಭುಜ ನೋಡುತ್ತೇವೆ.

ನಮ್ಮ ರಾಜ್ಯೋತ್ಸವಗಳನ್ನೇ ತೆಗೆದುಕೊಳ್ಳಿ. ನೌಕಾದಳದ ಅಧಿಕಾರಿಯೊಬ್ಬರು ಬಂದರೆ ಮುಂದಿನ ಸಾಲಿನ ಕುರ್ಚಿ, ಹಾರ, ಶಾಲು, ಹಣ್ಣಿನ ಬುಟ್ಟಿ. ಅದೇ ದಳದಲ್ಲಿ ಹದಿನೈದು ವರ್ಷ ದುಡಿದ ನಮ್ಮೂರಿನ ನಾವಿಕ ಬಂದರೆ, "ಊಟದ ಪಂಕ್ತಿ ಸ್ವಲ್ಪ ನೋಡಿಕೊಳ್ಳಪ್ಪ" ಎಂಬ ಅಪ್ಪಣೆ. ಹೆಣ್ಣು ಕೊಡುವಾಗಲೂ ಇದೇ ಲೆಕ್ಕ: "ಹುಡುಗನಿಗೆ ಎಷ್ಟು ಪಟ್ಟಿ?"

ಆ ಲೆಕ್ಕವಾದರೂ ನಮಗೆ ಸರಿಯಾಗಿ ಬರುತ್ತದೆಯೇ? ಭೂಸೇನೆಯ ಕ್ಯಾಪ್ಟನ್‌ಗೆ ಭುಜದ ಮೇಲೆ ಮೂರು ನಕ್ಷತ್ರ. ನೌಕಾದಳದಲ್ಲಿ ಅವರಿಗೆ ಸಮನಾದವರು ಎರಡು ಪಟ್ಟಿಯ ಲೆಫ್ಟಿನೆಂಟ್. ನೌಕಾದಳದ ಕ್ಯಾಪ್ಟನ್‌ಗೆ ನಾಲ್ಕು ಪಟ್ಟಿ. ಅವರು ಭೂಸೇನೆಯ ಕರ್ನಲ್‌ಗೆ ಸಮ. ವ್ಯಾಪಾರಿ ಹಡಗಿನ ಕ್ಯಾಪ್ಟನ್‌ಗೂ ನಾಲ್ಕು ಪಟ್ಟಿಯೇ. ಆದರೆ ಅವರು ಸೇನೆಯವರೇ ಅಲ್ಲ. ನಾವು ಮೂವರನ್ನೂ ಒಂದೇ ತಕ್ಕಡಿಗೆ ಹಾಕುತ್ತೇವೆ. ಇನ್ನು ಲೀಡಿಂಗ್ ಸೀಮನ್‌ನ ಒಂದು ಲಂಗರ, ಪೆಟ್ಟಿ ಆಫೀಸರ್‌ನ ಜೋಡಿ ಲಂಗರ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಪಟ್ಟಿ ಇರುವುದಾದರೂ ಏತಕ್ಕೆ? ಹಡಗಿಗೆ ಬೆಂಕಿ ಬಿದ್ದಾಗ, ನೀರು ನುಗ್ಗಿದಾಗ, ಆಜ್ಞೆ ಕೊಡುವವರು ಯಾರು, ತಪ್ಪಾದರೆ ಉತ್ತರ ಹೇಳಬೇಕಾದವರು ಯಾರು ಎಂಬುದು ನೋಡಿದ ಕೂಡಲೇ ತಿಳಿಯಲೆಂದು. ಅದು ಹೊಣೆಯ ಗುರುತು, ಒಡವೆಯಲ್ಲ.

"ಹಾಗಾದರೆ ಅಧಿಕಾರಿಗಳನ್ನು ಗೌರವಿಸಬಾರದೇ?" ಎಂದು ಕೆಲವರು ಸಿಡುಕಬಹುದು. ಧಾರಾಳವಾಗಿ ಗೌರವಿಸೋಣ. ಆದರೆ ನಾವು ವಾಸಿಸುವ ಈ ಊರಿನ ಚರಿತ್ರೆಯನ್ನೂ ಕೊಂಚ ನೆನೆಯೋಣ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗಿಗೆ ಬೆಂಕಿ ಹತ್ತಿತು. ಒಳಗೆ ಹತ್ತಿಯಿತ್ತು, ಮದ್ದುಗುಂಡಿತ್ತು, ಚಿನ್ನದ ಗಟ್ಟಿಗಳೂ ಇದ್ದವು. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದ 66 ಮಂದಿ ಸ್ಫೋಟದಲ್ಲಿ ಸತ್ತರು. ದೇಶವೆಲ್ಲ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುವುದು ಅವರ ನೆನಪಿಗಾಗಿ. 1946ರ ಫೆಬ್ರವರಿ 18ರಂದು ಇದೇ ಮುಂಬಯಿಯ ತಲ್ವಾರ್ ನೆಲೆಯಲ್ಲಿ, ಕೆಟ್ಟ ಊಟ ಮತ್ತು ಬೈಗುಳ ಸಾಕೆಂದು ಬ್ರಿಟಿಷ್ ಸರಕಾರದ ವಿರುದ್ಧ ಎದ್ದು ನಿಂತವರೂ ಚಿನ್ನದ ಪಟ್ಟಿಯವರಲ್ಲ, ಸಾಮಾನ್ಯ ನಾವಿಕರು.

2023ರ ಡಿಸೆಂಬರಿನಲ್ಲಿ ನಮ್ಮ ಅಡ್ಮಿರಲ್‌ಗಳ ಭುಜಪಟ್ಟಿಯ ವಿನ್ಯಾಸ ಬದಲಾಯಿತು. ಶಿವಾಜಿ ಮಹಾರಾಜರ ರಾಜಮುದ್ರೆಯಿಂದ ಪ್ರೇರಿತವಾದ ಅಷ್ಟಕೋನ ಅಲ್ಲಿ ಬಂತು. ಪರಕೀಯರ ಗುರುತು ಹೋಯಿತೆಂದು ನಾವೂ ಚಪ್ಪಾಳೆ ತಟ್ಟಿದೆವು. ಆದರೆ ಭುಜದ ಮೇಲಿನದು ಬದಲಾದರೆ ಸಾಕೇ? ದೊರೆಗಳಿಗೊಂದು ಪಂಕ್ತಿ, ಆಳುಗಳಿಗೊಂದು ಪಂಕ್ತಿ ಎಂಬ ಹಳೆಯ ಚಾಳಿ ನಮ್ಮ ತಲೆಯಲ್ಲಿ ಹಾಗೆಯೇ ಕೂತಿದೆಯಲ್ಲ!

ಆದ್ದರಿಂದ ನಮ್ಮ ಸಂಘಗಳಲ್ಲಿ ನಮ್ಮದೊಂದು ಬೇಡಿಕೆ. ಬರುವ ನವೆಂಬರಿನಲ್ಲಿ ಮೊದಲ ಶಾಲು ಒಬ್ಬ ನಾವಿಕನಿಗೋ, ಅಗ್ನಿಶಾಮಕ ದಳದ ಜವಾನನಿಗೋ ಸಲ್ಲಲಿ. ಅಧಿಕಾರಿಗಳು ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಲಿ. ಅವರಲ್ಲಿ ಒಳ್ಳೆಯವರು ಎಲ್ಲರಿಗಿಂತ ಜೋರಾಗಿ ತಟ್ಟುವರೆಂದು ನಮಗೆ ನಂಬಿಕೆಯಿದೆ. ಭುಜ ಬರಿದಾಗಿದ್ದರೆ ಶಾಲು ಹೊದಿಸಲು ಅನುಕೂಲವೇ ಅಲ್ಲವೇ?