ಬಿಟ್ಟವರು ಯಾರು, ಬಿಡಿಸಿದವರು ಯಾರು?

ಭದ್ರಾವತಿಯಲ್ಲಿ ಈಗ ಯಾರ ಮನೆಗೆ ಹೋದರೂ ಚಹಾದ ಲೋಟ ಖಾಲಿಯಾಗುವ ಮೊದಲೇ ಮಾತು ಒಂದೇ ಕಡೆ ಬಂದು ನಿಲ್ಲುತ್ತದೆ. ಹೋಗುವುದೋ, ಇರುವುದೋ? ಮಗ ಡಿಪ್ಲೊಮಾ ಮುಗಿಸಿದ್ದಾನೆ, ಪೀಣ್ಯದಲ್ಲಿ ಕೆಲಸ ಇದೆಯಂತೆ. ಮಗಳಿಗೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿದೆ. ದಮ್ಮಾಮಿನಲ್ಲಿರುವ ಭಾವ ವೀಸಾ ಕಳಿಸುತ್ತೇನೆ ಎನ್ನುತ್ತಾನೆ. ಇದನ್ನು ಹೇಳುವವರ ಮುಖದಲ್ಲಿ ಸಂತೋಷಕ್ಕಿಂತ ಸಂಕೋಚವೇ ಹೆಚ್ಚು. ಹೋಗುವವರು ತಪ್ಪು ಮಾಡಿದವರಂತೆ ದನಿ ತಗ್ಗಿಸಿ ಹೇಳುತ್ತಾರೆ. ಇರುವವರು ಕೈಲಾಗದವರಂತೆ ತಲೆ ತಗ್ಗಿಸಿ ಕೇಳುತ್ತಾರೆ.

ಈ ಅಪರಾಧಿ ಭಾವವನ್ನು ನಮ್ಮ ತಲೆಗೆ ಕಟ್ಟಿದವರು ಯಾರು? ನಮ್ಮ ತಕರಾರು ಇರುವುದು ಅದರ ಬಗ್ಗೆಯೇ.

ಊರಿನ ಸಭೆಯೊಂದರಲ್ಲಿ ಹಿರಿಯರೊಬ್ಬರು ಮೈಕ್ ಹಿಡಿದು, ಭದ್ರಾವತಿಯ ಯುವಕರು ತಮ್ಮನ್ನು ಸಾಕಿದ ಊರನ್ನು ಕೈಬಿಟ್ಟು ಬೆಂಗಳೂರಿನ ಥಳುಕಿಗೆ ಮಾರುಹೋದರು ಎಂದು ಮರುಗಿದರು. ಜನ ಚಪ್ಪಾಳೆ ತಟ್ಟಿದರು. ಅವರ ಇಬ್ಬರು ಗಂಡುಮಕ್ಕಳೂ ಬೆಂಗಳೂರಿನಲ್ಲೇ ಇದ್ದಾರೆ ಎಂಬುದು ಚಪ್ಪಾಳೆ ತಟ್ಟಿದವರಿಗೂ ಗೊತ್ತಿತ್ತು. ಅದು ಇರಲಿ. ಆದರೆ ಊರು ಬಿಟ್ಟವರನ್ನು ದ್ರೋಹಿಗಳೆನ್ನುವ ಈ ಮಾತು ಭದ್ರಾವತಿಯ ಚರಿತ್ರೆಗೇ ವಿರುದ್ಧವಾದುದು.

ಏಕೆಂದರೆ ಇದು ಊರು ಬಿಟ್ಟು ಬಂದವರಿಂದಲೇ ಆದ ಊರು. ಬೆಂಕಿಪುರ ಎಂಬ ಸಣ್ಣ ಊರಿನ ಪಕ್ಕ, ಭದ್ರಾ ನದಿಯ ದಂಡೆಯಲ್ಲಿ, ಮೈಸೂರು ಸಂಸ್ಥಾನ 1918ರಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಇದ್ದಿಲು, ಭದ್ರೆಯ ನೀರು ಇವಿಷ್ಟು ಇದ್ದವು, ಜನ ಇರಲಿಲ್ಲ. ಜನ ಎಲ್ಲಿಂದ ಬಂದರು? ತಮಿಳುನಾಡಿನಿಂದ, ಆಂಧ್ರದಿಂದ, ಕೇರಳದಿಂದ, ಬಯಲುಸೀಮೆಯಿಂದ. ಹಸಿವು ಅಟ್ಟಿದ್ದರಿಂದ ಬಂದರು, ಕೆಲಸ ಕರೆದಿದ್ದರಿಂದ ಬಂದರು. ಅವರು ಬಿಟ್ಟು ಬಂದ ಹಳ್ಳಿಗಳಲ್ಲೂ ಯಾರೋ ಒಬ್ಬ ಹಿರಿಯ ಹೀಗೆಯೇ ಮರುಗಿರಬೇಕು. ಅಂದು ಅವರು ಬಂದದ್ದು ಸಾಹಸವಾದರೆ, ಇಂದು ಅವರ ಮೊಮ್ಮಕ್ಕಳು ಹೋಗುವುದು ದ್ರೋಹ ಹೇಗಾಗುತ್ತದೆ?

ಇಷ್ಟು ಹೇಳಿ ಮುಗಿಸಿದರೆ ನಾವು ಇನ್ನೊಂದು ಬಗೆಯ ಬುದ್ಧಿವಂತರ ಕೈಗೆ ಸಿಕ್ಕಿಬೀಳುತ್ತೇವೆ. ಅವರ ವಾದ ಸುಲಭದ್ದು: ಕಾರ್ಖಾನೆಗಳು ಹುಟ್ಟುತ್ತವೆ, ಸಾಯುತ್ತವೆ, ಜನ ಕೆಲಸ ಇದ್ದಲ್ಲಿಗೆ ಹೋಗುತ್ತಾರೆ, ಇದರಲ್ಲಿ ಗೋಳಾಡುವುದಕ್ಕೇನಿದೆ? ಜಾಗತೀಕರಣದ ಕಾಲದಲ್ಲಿ ಸರಕಾರ ಉಕ್ಕು, ಕಾಗದ ಮಾಡುತ್ತ ಕೂರಬೇಕೇ? ಬೆಂಗಳೂರಿನಲ್ಲಿ ಅವಕಾಶ ಇದೆಯಲ್ಲ, ಹೋಗಿ ದುಡಿಯಬಾರದೇ? ಇವರ ಪಾಲಿಗೆ ಊರು ಬಿಡುವುದು ಅಂಗಿ ಬದಲಿಸಿದಷ್ಟೇ ಸರಳವಾದ ವೈಯಕ್ತಿಕ ಆಯ್ಕೆ.

ಆಯ್ಕೆ ಎಂದರೆ ಏನು? ಎರಡು ದಾರಿಗಳೂ ತೆರೆದಿದ್ದು, ಎರಡರ ಬಗ್ಗೆಯೂ ನಿಜ ಗೊತ್ತಿದ್ದು ಒಂದನ್ನು ಹಿಡಿದರೆ ಅದು ಆಯ್ಕೆ. ಭದ್ರಾವತಿಗೆ ಅಂತಹ ಸತ್ಯವನ್ನು ಯಾರೂ ಹೇಳಲೇ ಇಲ್ಲ.

ಲೆಕ್ಕ ನೋಡೋಣ. ಕಾರ್ಖಾನೆಗೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಪೂರ್ತಿಯಾಗಿ ಅದರಲ್ಲೇ ಲೀನವಾಯಿತು. ಇನ್ನು ಚಿಂತೆ ಇಲ್ಲ, ಕೇಂದ್ರದ ಹಣ ಬರುತ್ತದೆ, ಆಧುನೀಕರಣ ಆಗುತ್ತದೆ ಎಂದು ನಮಗೆ ಹೇಳಲಾಯಿತು. ಉಕ್ಕಿನ ಕಾರ್ಖಾನೆಗೆ ಮೊದಲು ಬೇಕಾದದ್ದು ಸ್ವಂತ ಗಣಿ. ಸಂಡೂರಿನ ರಮಣದುರ್ಗದ ಗಣಿಯ ಹೆಸರು ನಾವು ವರ್ಷಗಟ್ಟಲೆ ಕೇಳಿದೆವು, ಅದಿರು ಮಾತ್ರ ಬರಲಿಲ್ಲ. ಬಳ್ಳಾರಿಯ ಅದಿರು ಚೀನಾಕ್ಕೆ ಹಡಗು ಹತ್ತಿ ಹೋಗುತ್ತಿದ್ದ ಆ ವರ್ಷಗಳಲ್ಲೂ ಅದೇ ರಾಜ್ಯದ ಸಾರ್ವಜನಿಕ ಕಾರ್ಖಾನೆಗೆ ಸ್ವಂತದ್ದೆನ್ನುವ ಗಣಿ ಸಿಗಲಿಲ್ಲ. ಅದಿರು ಕೊಡದೆ ಒಲೆ ಉರಿಸು ಎನ್ನುವುದು, ಒಲೆ ಆರಿದ ಮೇಲೆ ಅಡುಗೆಯವನಿಗೆ ಕೈಗುಣವಿಲ್ಲ ಎನ್ನುವುದು!

2016ರ ಅಕ್ಟೋಬರಿನಲ್ಲಿ ಕಾರ್ಖಾನೆಯಿಂದ ಬಂಡವಾಳ ಹಿಂತೆಗೆಯಲು ಕೇಂದ್ರ ಸಂಪುಟ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿತು. ಖರೀದಿದಾರರನ್ನು ಕರೆಯುವುದಕ್ಕೆ 2019ರವರೆಗೆ ಕಾಯಲಾಯಿತು. 2022ರ ಅಕ್ಟೋಬರಿನಲ್ಲಿ ಕೊಳ್ಳುವವರು ಮುಂದೆ ಬರುತ್ತಿಲ್ಲವೆಂದು ಆ ಪ್ರಕ್ರಿಯೆಯನ್ನೇ ರದ್ದು ಮಾಡಲಾಯಿತು. 2023ರ ಜನವರಿಯಲ್ಲಿ ಮುಚ್ಚುವ ನಿರ್ಧಾರ ಹೊರಬಿತ್ತು. 1923ರ ಜನವರಿಯಲ್ಲಿ ಉತ್ಪಾದನೆ ಆರಂಭಿಸಿದ ಕಾರ್ಖಾನೆಗೆ ಸರಿಯಾಗಿ ನೂರು ತುಂಬಿದ ತಿಂಗಳಲ್ಲಿ ಸಿಕ್ಕ ಉಡುಗೊರೆ ಅದು. ಸಾವಿರದ ಮುನ್ನೂರರಷ್ಟು ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಮರು ತಿಂಗಳು, ಫೆಬ್ರವರಿ 27ರಂದು, ಪಕ್ಕದ ಸೋಗಾನೆಯಲ್ಲಿ ಪ್ರಧಾನಿಗಳು ವಿಮಾನ ನಿಲ್ದಾಣ ಉದ್ಘಾಟಿಸಿದರು. ಊರು ಬಿಡುವವರಿಗೆ ಅನುಕೂಲವಾಗಲಿ ಎಂದು ಇರಬಹುದೇ? ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಅದಿರು ಕರಗಿಸುವ ಕುಲುಮೆ ಹೊತ್ತಿದ್ದಲ್ಲ, ಹೊರಗಿನಿಂದ ತಂದ ಉಕ್ಕನ್ನು ಉರುಳಿಸುವ ಕೆಲಸ ಮಾತ್ರ. ಅದಕ್ಕೂ ಪಟಾಕಿ ಹೊಡೆಯುವ ಸ್ಥಿತಿಗೆ ಊರು ಬಂದಿತ್ತು. 2024ರಲ್ಲಿ ಕನ್ನಡಿಗರೊಬ್ಬರು ಕೇಂದ್ರದ ಉಕ್ಕು ಸಚಿವರಾದಾಗ ಪುನಶ್ಚೇತನದ ಮಾತು ಮತ್ತೆ ಆರಂಭವಾಯಿತು.

2016ರಲ್ಲಿ ಹದಿನಾರರ ಪ್ರಾಯದಲ್ಲಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಹುಡುಗನನ್ನು ಒಮ್ಮೆ ನೆನೆಯಿರಿ. ಮಾರುತ್ತೇವೆ, ಮಾರುವುದಿಲ್ಲ, ಮುಚ್ಚುತ್ತೇವೆ, ಮುಚ್ಚುವುದಿಲ್ಲ ಎಂಬ ಮಾತುಗಳ ನಡುವೆ ಅವನಿಗೆ ಇಪ್ಪತ್ಮೂರಾಯಿತು. ಅಷ್ಟರಲ್ಲಿ ಅವನು ಐಟಿಐ ಸೇರಬೇಕಿತ್ತೇ, ಸೇರಿದ್ದರೆ ಯಾವ ಟ್ರೇಡ್? ಅಪ್ಪನ ಮನೆಗೆ ಮೇಲಿನ ಮಹಡಿ ಹಾಕಿಸಬೇಕಿತ್ತೇ, ಅಥವಾ ಆ ದುಡ್ಡನ್ನು ಹೊರಗೆ ಹೋಗಲು ಇಟ್ಟುಕೊಳ್ಳಬೇಕಿತ್ತೇ? ಸಾವು ಬಂದ ಮನೆಯಲ್ಲಿ ಅತ್ತು, ಮಣ್ಣು ಮಾಡಿ, ಮೂರು ದಿನ ಕಳೆದ ಮೇಲೆ ಜನ ಕೆಲಸಕ್ಕೆ ಏಳುತ್ತಾರೆ. ವರ್ಷಗಟ್ಟಲೆ ಹಾಸಿಗೆ ಹಿಡಿದ ರೋಗಿಯ ಮನೆಯಲ್ಲಿ ಯಾರಿಗೂ ಏಳಲಾಗುವುದಿಲ್ಲ. ನಮ್ಮ ಊರಿಗೆ ಮಾಡಿದ್ದು ಇದನ್ನೇ. ನೇರವಾಗಿ ಮುಚ್ಚಿದ್ದರೆ ಹೊಡೆತ ಬೀಳುತ್ತಿತ್ತು, ನಿಜ. ನೇರವಾಗಿ ನಡೆಸಿದ್ದರೆ ಊರು ಉಳಿಯುತ್ತಿತ್ತು. ಎರಡೂ ಮಾಡದೆ, ಪ್ರತಿ ಚುನಾವಣೆಗೂ ಒಂದು ಭರವಸೆಯ ಗುಟುಕು ಕೊಟ್ಟು ಇಟ್ಟುಕೊಂಡದ್ದಕ್ಕೆ ಯಾವ ಸಮರ್ಥನೆಯಿದೆ?

ಕೋಲಾರದ ಚಿನ್ನದ ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಿದರು. ಅಲ್ಲಿನವರ ಪಾಡು ನಮಗಿಂತ ಒಳ್ಳೆಯದು ಎಂದು ಹೇಳುವಷ್ಟು ನಾವು ಕಲ್ಲುಮನಸ್ಸಿನವರಲ್ಲ. ಆದರೆ ಕೆಜಿಎಫ್‌ನವರು ಬೆಳಗಿನ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು ರಾತ್ರಿ ತಮ್ಮ ಮನೆಗೆ ಮರಳಬಹುದು. ಭದ್ರಾವತಿಯಿಂದ ಬೆಂಗಳೂರಿಗೆ ಇನ್ನೂರೈವತ್ತು ಕಿಲೋಮೀಟರ್. ಇಲ್ಲಿಂದ ಕೆಲಸಕ್ಕೆ ಹೋಗುವುದೆಂದರೆ ಊರು ಬಿಡುವುದೆಂದೇ ಅರ್ಥ.

ಬಿಟ್ಟೂ ಬಿಟ್ಟರು. 2001ರ ಜನಗಣತಿಯಲ್ಲಿ ಭದ್ರಾವತಿ ನಗರದ ಜನಸಂಖ್ಯೆ ಸುಮಾರು 1 ಲಕ್ಷ 60 ಸಾವಿರ. 2011ರಲ್ಲಿ ಸುಮಾರು 1 ಲಕ್ಷ 51 ಸಾವಿರ. ಅದೇ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ. 47ರಷ್ಟು ಏರಿತು. ಮಕ್ಕಳು ಹುಟ್ಟುತ್ತಲೇ ಇದ್ದ ಊರಿನಲ್ಲಿ ಜನಸಂಖ್ಯೆ ಇಳಿಯಬೇಕಾದರೆ ಎಷ್ಟು ಜನ ಗಂಟುಮೂಟೆ ಕಟ್ಟಿರಬೇಕು! ಇದು ಕಾಗದದ ಕಾರ್ಖಾನೆ ನಿಲ್ಲುವುದಕ್ಕೂ ಮೊದಲಿನ ಲೆಕ್ಕ.

ಆ ಕಾಗದದ ಕಥೆಯನ್ನೂ ಹೇಳಬೇಕು. 1936ರಲ್ಲಿ ಸ್ಥಾಪನೆಯಾದ ಎಂಪಿಎಂ ನಮ್ಮ ಸರಕಾರದ್ದೇ ಸಂಸ್ಥೆ, ದಿಲ್ಲಿಯತ್ತ ಬೆರಳು ತೋರಿಸುವಂತಿಲ್ಲ. ಕನ್ನಡದ ಪತ್ರಿಕೆಗಳು ಎಷ್ಟೋ ವರ್ಷ ಅಚ್ಚಾದದ್ದು ಅದರ ನ್ಯೂಸ್‌ಪ್ರಿಂಟ್‌ನಲ್ಲಿ. ಅಗ್ಗದ ವಿದೇಶಿ ಕಾಗದ ಬಂತು, ನಷ್ಟ ಬೆಳೆಯಿತು, ಹಳೆಯ ಯಂತ್ರಗಳನ್ನು ಬದಲಿಸುವ ಮನಸ್ಸು ಯಾವ ಪಕ್ಷದ ಸರಕಾರಕ್ಕೂ ಬರಲಿಲ್ಲ. 2015ರಲ್ಲಿ ಯಂತ್ರಗಳು ನಿಂತವು. ಸೋಜಿಗ ಇರುವುದು ಮುಂದೆ. ಯಂತ್ರ ನಿಂತು ಐದು ವರ್ಷವಾದ ಮೇಲೆ, 2020ರಲ್ಲಿ, ಕಾರ್ಖಾನೆಯ ನೆಡುತೋಪುಗಳಿಗೆಂದು ಮಲೆನಾಡಿನಲ್ಲಿ ಕೊಟ್ಟಿದ್ದ ಸುಮಾರು 20 ಸಾವಿರ ಹೆಕ್ಟೇರ್ ಅರಣ್ಯ ಭೂಮಿಯ ಗುತ್ತಿಗೆಯನ್ನು ಇನ್ನೂ 40 ವರ್ಷಗಳಿಗೆ ವಿಸ್ತರಿಸಲಾಯಿತು. ಕಾಗದ ಮಾಡುವ ಕೈಗಳಿಗೆ ಮುಂದಿನ ತಿಂಗಳ ಭರವಸೆ ಇಲ್ಲ, ಭೂಮಿಗೆ ನಲವತ್ತು ವರ್ಷಗಳ ಭರವಸೆ! ಯಾರ ಭವಿಷ್ಯದ ಬಗ್ಗೆ ಪ್ರಭುತ್ವಕ್ಕೆ ಸ್ಪಷ್ಟತೆ ಇತ್ತು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಇದರ ನಡುವೆ ಕಾರ್ಮಿಕರ ಕೈಗೆ ಬಂದದ್ದು 'ಸ್ವಯಂ ನಿವೃತ್ತಿ' ಎಂಬ ಕಾಗದ. ನಮ್ಮ ಅಬ್ಬಾ ಅದಕ್ಕೆ ಸಹಿ ಹಾಕಿದ ದಿನ ನಮಗೆ ನೆನಪಿದೆ. ಊಟದ ಹೊತ್ತಿಗೆ ಮನೆಗೆ ಬಂದರು, ಅಮ್ಮಿ ಬಡಿಸಿದ್ದನ್ನು ಉಂಡರು, ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತ ಕೂತರು. "ಸ್ವಯಂ ಅಂತ ಬರೆದಿದ್ದಾರೆ ಕಣೋ, ನಾನೇ ಕೇಳಿಕೊಂಡೆ ಅಂತ" ಎಂದರು. ಆ ಒಂದು ಪದ ಅವರನ್ನು ಕೊನೆಯವರೆಗೂ ಚುಚ್ಚಿತು. ಬಂದ ದುಡ್ಡಿನಲ್ಲಿ ಒಂದು ಭಾಗ ಅಕ್ಕನ ಮದುವೆಗೆ, ಒಂದು ಭಾಗ ಸಾಲಕ್ಕೆ, ಉಳಿದದ್ದು ಒಂದು ಸಣ್ಣ ಅಂಗಡಿಗೆ ಹೋಯಿತು. ಸಂಬಳ ಇಲ್ಲದ ಊರಿನಲ್ಲಿ ಅಂಗಡಿಗೆ ಗಿರಾಕಿ ಎಲ್ಲಿಂದ ಬರಬೇಕು? ಸಾಲದ ಪುಸ್ತಕ ದಪ್ಪವಾಯಿತು, ಅಂಗಡಿ ತೆಳುವಾಯಿತು. ನಾವು ಬೆಂಗಳೂರಿನ ಬಸ್ಸು ಹತ್ತಿದೆವು. ಆ ಬಸ್ಸಿನ ಟಿಕೆಟ್ಟಿನ ಮೇಲೂ 'ಸ್ವಯಂ' ಎಂದು ಅಚ್ಚು ಹಾಕಿಸಬಹುದಿತ್ತು.

ಬೆಂಗಳೂರು ನಮಗೆ ಅನ್ನ ಕೊಟ್ಟಿತು. ಅದನ್ನು ಮರೆಮಾಚಿ ಊರಿನ ವೈಭವ ಹಾಡುವುದು ಕೃತಘ್ನತೆ. ತಿಂಗಳ ಮೊದಲ ವಾರ ಸಂಬಳ ಬೀಳುತ್ತದೆ, ತಮ್ಮನ ಫೀಸು ಕಟ್ಟಲು ಆಯಿತು. ಆದರೆ ಏನನ್ನು ಕಳೆದುಕೊಂಡೆವು ಎಂಬುದು ಬಾಡಿಗೆ ಮನೆ ಹುಡುಕುವಾಗ ತಿಳಿಯಿತು. ನ್ಯೂಟೌನ್ ಆಗಲಿ, ಪೇಪರ್ ಟೌನ್ ಆಗಲಿ, ಕ್ವಾರ್ಟರ್ಸ್ ಸಿಗುತ್ತಿದ್ದದ್ದು ದರ್ಜೆ ಮತ್ತು ಸೇವಾ ಹಿರಿತನದ ಲೆಕ್ಕದಲ್ಲಿ. ಪಕ್ಕದ ಮನೆಯವರನ್ನು ನಾವು ಆರಿಸಿಕೊಂಡಿರಲಿಲ್ಲ, ಅವರೂ ನಮ್ಮನ್ನು ಆರಿಸಿಕೊಂಡಿರಲಿಲ್ಲ. ಎಡಕ್ಕೆ ತಮಿಳರು, ಬಲಕ್ಕೆ ಲಿಂಗಾಯತರು, ಹಿಂದೆ ಮಲಯಾಳಿ ಕ್ರೈಸ್ತರು. ಒಂದೇ ಸೈರನ್ನಿಗೆ ಎಲ್ಲರ ಮನೆಯ ಬಾಗಿಲೂ ತೆರೆಯುತ್ತಿತ್ತು. ಭದ್ರಾವತಿಯಲ್ಲಿ ಕೋಮು ಜಗಳಗಳು ಆಗಲೇ ಇಲ್ಲ ಎಂದು ನಾವು ಸುಳ್ಳು ಹೇಳುವುದಿಲ್ಲ, ಆಗಿವೆ. ಆದರೂ ಮರುದಿನ ಅದೇ ಯಂತ್ರದ ಎರಡು ಬದಿಗೆ ನಿಲ್ಲಲೇಬೇಕಾದವರು ಎಷ್ಟು ದಿನ ಮುಖ ತಿರುಗಿಸಿಕೊಂಡಿರಲು ಸಾಧ್ಯ? ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಮೊದಲು ನಮ್ಮ ಹೆಸರು ಕೇಳಿದರು. ಹೆಸರು ಹೇಳಿದ ಮೇಲೆ ಮನೆ ಈಗತಾನೇ ಹೋಯಿತು ಎಂದರು. ಹೀಗೆ ಏಳೆಂಟು ಮನೆಗಳಾದ ಮೇಲೆ, ನಮ್ಮವರೇ ಇರುವ ಇಕ್ಕಟ್ಟಿನ ಗಲ್ಲಿಯೊಂದರಲ್ಲಿ ಹೆಚ್ಚು ಬಾಡಿಗೆಗೆ ಮನೆ ಸಿಕ್ಕಿತು. ಮುಸ್ಲಿಮರು ತಾವಾಗಿಯೇ ಗುಂಪುಕಟ್ಟಿ ಬದುಕುತ್ತಾರೆ ಎಂದು ಬರೆಯುವ ಅಂಕಣಕಾರರು ಒಮ್ಮೆ ನಮ್ಮ ಜತೆ ಮನೆ ಹುಡುಕಲು ಬರಲಿ. ಸಾರ್ವಜನಿಕ ಉದ್ದಿಮೆಯ ನಷ್ಟದ ಲೆಕ್ಕ ಬರೆದವರು ಆ ನೆರೆಹೊರೆಯ ಬೆಲೆಯನ್ನು ಯಾವ ಕಾಲಂನಲ್ಲಿ ಬರೆದರು?

ಹೋಗಲಾರದವರ ಮಾತು ಬೇರೆ. ಐವತ್ತು ದಾಟಿದ ಗುತ್ತಿಗೆ ಕಾರ್ಮಿಕನಿಗೆ ಪೀಣ್ಯದಲ್ಲಿ ಯಾರು ಕೆಲಸ ಕೊಡುತ್ತಾರೆ? ಸ್ವಂತ ಮನೆ ಇದೆಯಲ್ಲ ಎನ್ನುತ್ತಾರೆ. ಅದನ್ನು ಮಾರಿದರೆ ಬರುವ ಹಣ ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆಯನ್ನು ಲೀಸ್‌ಗೆ ಹಾಕಿಕೊಳ್ಳಲೂ ಸಾಲದು. ಗಂಡ ದಮ್ಮಾಮಿನಲ್ಲಿ, ಮಗ ಹೊಸೂರಿನಲ್ಲಿ, ಅತ್ತೆಮಾವಂದಿರ ಔಷಧಿ ಚೀಟಿ ಹಿಡಿದು ಒಬ್ಬಳೇ ಓಡಾಡುವ ಸೊಸೆಯನ್ನು 'ಇರುವವರು' ಎಂದು ಕರೆಯಬೇಕೋ 'ಬಿಟ್ಟುಹೋದವರು' ಎಂದು ಕರೆಯಬೇಕೋ ನಮಗೆ ತಿಳಿಯದು. ಊರಿನಲ್ಲಿ ಉಳಿದವರೆಲ್ಲ ಊರಿನ ಮೇಲಿನ ಪ್ರೀತಿಯಿಂದಲೇ ಉಳಿದಿದ್ದಾರೆ ಎನ್ನುವುದು, ಹೋದವರೆಲ್ಲ ದುರಾಸೆಯಿಂದ ಹೋದರು ಎನ್ನುವಷ್ಟೇ ಸುಳ್ಳು.

ಈ ಕಾರ್ಖಾನೆ ಇಪ್ಪತ್ತರ ದಶಕದಲ್ಲೂ ನಷ್ಟದಲ್ಲಿತ್ತು. ಮುಚ್ಚಿಬಿಡಿ ಎಂದವರು ಆಗಲೂ ಇದ್ದರು. 1923ರಲ್ಲಿ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದರು, 1929ರವರೆಗೆ ಇದ್ದು ಅದನ್ನು ಸರಿದಾರಿಗೆ ತಂದರು. ಇಂದಿನವರು ಅವರ ಪ್ರತಿಮೆಗೆ ಹಾರ ಹಾಕುವುದರಲ್ಲಿ ಮಾತ್ರ ಹಿಂದೆ ಬಿದ್ದಿಲ್ಲ.

ಆದ್ದರಿಂದ ಡಿಪ್ಲೊಮಾ ಮುಗಿಸಿ ಕೂತಿರುವ ಹುಡುಗ ಹುಡುಗಿಯರಿಗೆ ನಾವು ಹೇಳುವುದು ಇಷ್ಟೇ: ಹೋಗಬೇಕೆನಿಸಿದರೆ ಹೋಗಿ, ದನಿ ತಗ್ಗಿಸಬೇಡಿ. ಆದರೆ ಮತದಾರರ ಪಟ್ಟಿಯಿಂದ ಹೆಸರು ತೆಗೆಸುವ ಅವಸರ ಮಾಡಬೇಡಿ ಎಂದು ಹೇಳುವ ಆಸೆ ನಮಗೂ ಇತ್ತು. ಕಾನೂನು ಅದಕ್ಕೆ ಒಪ್ಪುವುದಿಲ್ಲ, ವಾಸ ಇರುವಲ್ಲೇ ಮತ. ಇದನ್ನು ನಮ್ಮ ನಾಯಕರು ಚೆನ್ನಾಗಿ ಬಲ್ಲರು. ಪ್ರಶ್ನೆ ಕೇಳುವ ಪ್ರಾಯದವರು ಊರು ಬಿಟ್ಟಷ್ಟೂ ಅವರ ಸಭೆಗಳು ನಿರಾಳವಾಗುತ್ತವೆ. ಹಾಗಾಗಿ ಕೇಳುವ ಕೆಲಸ ಹೋದವರದ್ದೂ ಹೌದು. ಹಬ್ಬಕ್ಕೆ ಬಂದಾಗ, ಮದುವೆಗೆ ಬಂದಾಗ, ಮಯ್ಯತ್‌ಗೆ ಬಂದಾಗ ಕೇಳಿ.

ಮುಂದಿನ ಚುನಾವಣೆಯಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಜೀಪು ನಿಲ್ಲಿಸಿ ಪುನಶ್ಚೇತನದ ಮಾತಾಡುವ ಅಭ್ಯರ್ಥಿ, ಯಾವ ಪಕ್ಷದವರೇ ಇರಲಿ, ಮೂರು ಮಾತು ಹೇಳಲಿ. ಅದಿರು ಯಾವ ಗಣಿಯಿಂದ ಬರುತ್ತದೆ? ಕುಲುಮೆ ಯಾವ ತಾರೀಕಿಗೆ ಹೊತ್ತುತ್ತದೆ? ಹೊತ್ತದಿದ್ದರೆ ಆ ಕ್ವಾರ್ಟರ್ಸ್‌ಗಳು, ಆ ಭೂಮಿ, ಆ ನೆಡುತೋಪುಗಳು ಯಾರಿಗೆ ಸೇರುತ್ತವೆ? ಉತ್ತರ ಇಲ್ಲವಾದರೆ ಜೀಪು ಹಿಂದಕ್ಕೆ ತಿರುಗಿಸಿಕೊಳ್ಳಲಿ.