ಅಪ್ಪ-ಅಮ್ಮನ ಆಶ್ರಮಕ್ಕೆ ಅಂಕ ಕೊಡುವವರು ಯಾರು?



ಬೆಂಗಳೂರಿನಲ್ಲಿ ಇಡ್ಲಿ-ವಡೆ ಮಾರುವ ದರ್ಶಿನಿಗೂ ಆಹಾರ ಸುರಕ್ಷತೆಯ ಲೈಸೆನ್ಸ್ ಬೇಕು. ಅದನ್ನು ಗಿರಾಕಿಗಳಿಗೆ ಕಾಣುವ ಹಾಗೆ ಗೋಡೆಗೆ ಹಾಕಬೇಕು. ದಿಕ್ಕಿಲ್ಲದ ಮಕ್ಕಳನ್ನು ಸಾಕುವ ಸಂಸ್ಥೆಗಳು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಲೇಬೇಕು, ಮಾಡಿಸದಿದ್ದರೆ ಶಿಕ್ಷೆ ಇದೆ. ಇವೆರಡೂ ಸರಿಯೇ. ಆದರೆ ಹಾಸಿಗೆ ಹಿಡಿದ, ಹೆಸರು ಮರೆತ, ತಾನಾಗಿ ಒಂದು ಲೋಟ ನೀರು ಕುಡಿಯಲಾಗದ ನಮ್ಮ ತಾಯಂದಿರನ್ನು ತಿಂಗಳಿಗೆ ಇಷ್ಟು ಅಂತ ಹಣ ಪಡೆದು ನೋಡಿಕೊಳ್ಳುವ ಖಾಸಗಿ ವೃದ್ಧಾಶ್ರಮಗಳ ವಿಷಯ? ಅಲ್ಲಿಗೆ ಹೇಳದೇ ಹೋಗಿ ಆರೈಕೆ ನೋಡಿ, ದರ್ಜೆ ಕೊಟ್ಟು, ಆ ದರ್ಜೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವ ವ್ಯವಸ್ಥೆ ನಮ್ಮ ಕರ್ನಾಟಕದಲ್ಲಿ ಇಲ್ಲ.

ಇಡ್ಲಿಗಿರುವ ಕಾಳಜಿ ಅಮ್ಮನಿಗಿಲ್ಲ!

2011ರ ಜನಗಣತಿಯಂತೆ ಕರ್ನಾಟಕದಲ್ಲಿ 60 ದಾಟಿದವರು ಸುಮಾರು 58 ಲಕ್ಷ ಜನ. ಆಮೇಲೆ ಈ ಸಂಖ್ಯೆ ಏರಿದೆಯೇ ಹೊರತು ಇಳಿದಿಲ್ಲ. ಅವರ ಮಕ್ಕಳು ಎಲ್ಲಿದ್ದಾರೆ? ಈ ಮಿಂಚೆ ಓದುತ್ತಿರುವ ನಮ್ಮ ನಿಮ್ಮ ಹಾಗೆ ಲಂಡನ್ನು, ಡಲ್ಲಾಸು, ದುಬೈ, ಸಿಡ್ನಿಗಳಲ್ಲಿ ಇದ್ದಾರೆ. ಹಾಗಾಗಿ ಇದು ಮೊದಲು ನಮ್ಮ ಪ್ರಶ್ನೆ.

ನಾವು ಆಶ್ರಮ ಹೇಗೆ ಆರಿಸುತ್ತೇವೆ ನೋಡಿ. ವೆಬ್‌ಸೈಟಿನಲ್ಲಿ ಹುಲ್ಲುಹಾಸಿನ ಫೋಟೋ, ಗ್ರಾನೈಟ್ ನೆಲ, ಗಣಪತಿ ಗುಡಿ, ನಗುವ ಅಜ್ಜ-ಅಜ್ಜಿ. 'ಮನೆಯ ವಾತಾವರಣ, 24 ಗಂಟೆ ನರ್ಸಿಂಗ್, ಶುದ್ಧ ಸಸ್ಯಾಹಾರ' ಎಂಬ ಮೂರು ಸಾಲು. ಎರಡು ವಾರದ ರಜೆಯಲ್ಲಿ ಊರಿಗೆ ಹೋದಾಗ ಒಂದು ಮಧ್ಯಾಹ್ನ ನೋಡಿ ಬಂದು ಡಿಪಾಸಿಟ್ ಕಟ್ಟುತ್ತೇವೆ. ಕಾರು ಕೊಳ್ಳುವಾಗ ಇದಕ್ಕಿಂತ ಹೆಚ್ಚು ವಿಚಾರಿಸುತ್ತೇವೆ ಅಲ್ಲವೇ?

ನನ್ನ ಸೋದರತ್ತೆ ಮೈಸೂರಿನ ಒಂದು ಆಶ್ರಮದಲ್ಲಿದ್ದರು. ಒಮ್ಮೆ ರಾತ್ರಿ ಒಂಬತ್ತಕ್ಕೆ ಹೇಳದೇ ಹೋದೆ. ಮೂವತ್ತಕ್ಕೂ ಹೆಚ್ಚು ಹಿರಿಯರಿಗೆ ಇದ್ದದ್ದು ಒಬ್ಬರೇ ಆಯಾ. 'ನರ್ಸ್ ಎಲ್ಲಮ್ಮಾ?' ಅಂತ ಕೇಳಿದರೆ 'ಫೋನ್ ಮಾಡಿದ್ರೆ ಬರ್ತಾರೆ ಸಾರ್' ಅಂದರು. ಬ್ರೋಷರಿನಲ್ಲಿದ್ದ '24 ಗಂಟೆ ನರ್ಸಿಂಗ್' ಅಂದರೆ ಫೋನ್ ನಂಬರ್ ಅಂತ ಅರ್ಥ! ಆ ಆಯಾ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಆಕೆಗೆ ಇದ್ದದ್ದು ಎರಡೇ ಕೈ. ಸಿಟ್ಟಿರುವುದು ಇದನ್ನು ನಡೆಯಲು ಬಿಟ್ಟಿರುವ ವ್ಯವಸ್ಥೆಯ ಮೇಲೆ.

ಆರೈಕೆಯನ್ನು ಅಳೆಯಲು ಬರುತ್ತದೆಯೇ?

'ಪ್ರೀತಿ, ಸೇವೆ ಇವನ್ನೆಲ್ಲ ಅಳೆಯೋಕೆ ಆಗುತ್ತಾ ಸ್ವಾಮಿ?' ಎನ್ನುವುದು ಆಶ್ರಮ ನಡೆಸುವವರ ಮೊದಲ ಮಾತು. ನಾನು ಸಾಫ್ಟ್‌ವೇರ್ ಇಂಜಿನಿಯರ್. ನಮ್ಮಲ್ಲಿ ಕೋಡ್ ಬರೆದವನೇ ಬಂದು 'ಪ್ರೀತಿಯಿಂದ ಬರೆದಿದ್ದೇನೆ, ಟೆಸ್ಟ್ ಯಾಕೆ?' ಅಂದರೆ ಯಾವ ಮ್ಯಾನೇಜರೂ ಒಪ್ಪುವುದಿಲ್ಲ. ಪ್ರೀತಿಯನ್ನು ಅಳೆಯಲು ಬರದಿರಬಹುದು. ಬೆನ್ನಿನ ಹುಣ್ಣನ್ನು ಎಣಿಸಲು ಖಂಡಿತ ಬರುತ್ತದೆ.

ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲೇ ಇದಕ್ಕೆ ದಾರಿ ಹಾಕಿಕೊಟ್ಟರು. ಆರೈಕೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಿ ಎಂದರು: ಏನಿದೆ (ಕಟ್ಟಡ, ಸಲಕರಣೆ, ಸಿಬ್ಬಂದಿ), ಏನು ಮಾಡುತ್ತಾರೆ (ದಿನದಿನದ ಕೆಲಸ), ಕೊನೆಗೆ ಏನಾಯಿತು (ಆ ವ್ಯಕ್ತಿಯ ಸ್ಥಿತಿ). ನಾವು ಮೊದಲನೆಯದರಲ್ಲೂ ಬರೀ ಕಟ್ಟಡ ನೋಡಿ ವಾಪಸ್ ಬರುತ್ತೇವೆ. ಅಸಲಿ ವಿಷಯ ಉಳಿದ ಎರಡರಲ್ಲಿದೆ.

ಹಾಸಿಗೆ ಹುಣ್ಣು ತೆಗೆದುಕೊಳ್ಳಿ. ಹೊರಳಲಾಗದವರನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸಿ, ಒದ್ದೆ ಬಟ್ಟೆ ಕೂಡಲೇ ಬದಲಿಸಿ, ಸರಿಯಾಗಿ ಊಟ ಮಾಡಿಸಿದರೆ ಬಹುಪಾಲು ಹುಣ್ಣುಗಳನ್ನು ತಡೆಯಬಹುದು. ಒಂದೇ ಮನೆಯಲ್ಲಿ ನಾಲ್ಕೈದು ಜನರಿಗೆ ಹುಣ್ಣಾಗಿದ್ದರೆ ರಾತ್ರಿ ಅಲ್ಲಿ ಕೈಗಳು ಸಾಲುತ್ತಿಲ್ಲ ಎಂದೇ ತಿಳಿಯಬೇಕು.

ತೂಕ ತೆಗೆದುಕೊಳ್ಳಿ. ಒಂದು ತಿಂಗಳಲ್ಲಿ ನೂರಕ್ಕೆ 5 ಅಥವಾ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಇಳಿದರೆ ಅಮೆರಿಕದ ನರ್ಸಿಂಗ್ ಹೋಮುಗಳಲ್ಲಿ ಅದನ್ನು ಎಚ್ಚರಿಕೆಯ ಗಂಟೆ ಎಂದು ದಾಖಲಿಸುತ್ತಾರೆ. 50 ಕಿಲೋ ಇರುವ ಅಜ್ಜಿಗೆ ಅದು ತಿಂಗಳಿಗೆ ಎರಡೂವರೆ ಕಿಲೋ. ತಟ್ಟೆ ಎದುರಿಗೆ ಇಟ್ಟು ಹೋಗುವುದು ಬೇರೆ, ಕೂತು ಉಣ್ಣಿಸುವುದು ಬೇರೆ. ಇದನ್ನು ಹಿಡಿಯಲು ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್ ಸಾಕು!

ಮಾತ್ರೆ ತೆಗೆದುಕೊಳ್ಳಿ. ಡಿಮೆನ್ಶಿಯಾ ಇರುವವರು ರಾತ್ರಿ ಕೂಗುತ್ತಾರೆ, ಓಡಾಡುತ್ತಾರೆ. ಸಿಬ್ಬಂದಿ ಸಾಲದ ಕಡೆ ಅವರನ್ನು 'ಸುಮ್ಮನಿರಿಸಲು' ಮನೋರೋಗದ ಮಾತ್ರೆ ಕೊಡುವುದು ಸುಲಭದ ದಾರಿ. ಇಂಥ ಹಿರಿಯರಲ್ಲಿ ಈ ಜಾತಿಯ ಹೊಸ ಮಾತ್ರೆಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ಇಲಾಖೆ 2005ರಲ್ಲೇ ಎಚ್ಚರಿಸಿತು. ಇಂಗ್ಲೆಂಡಿನಲ್ಲಿ 2009ರ ಬ್ಯಾನರ್ಜಿ ವರದಿ, ಡಿಮೆನ್ಶಿಯಾ ಇರುವ ಸುಮಾರು 1,80,000 ಜನರಿಗೆ ಈ ಮಾತ್ರೆ ಕೊಡಲಾಗುತ್ತಿದೆ, ಅದರಿಂದ ವರ್ಷಕ್ಕೆ ಸುಮಾರು 1,800 ಹೆಚ್ಚುವರಿ ಸಾವುಗಳಾಗುತ್ತಿವೆ ಎಂದು ಅಂದಾಜು ಮಾಡಿತು. 'ಅಮ್ಮ ಈಗ ತುಂಬಾ ಶಾಂತವಾಗಿದ್ದಾರೆ' ಎಂದು ಆಶ್ರಮದವರು ಫೋನಿನಲ್ಲಿ ಹೇಳಿದರೆ ಖುಷಿಪಡುವ ಮೊದಲು ಮಾತ್ರೆ ಚೀಟಿ ಕೇಳಿ.

ನಾನಿರುವ ನಾಡಿನಲ್ಲಿ ಏನು ಮಾಡುತ್ತಾರೆ?

ಇಂಗ್ಲೆಂಡಿನಲ್ಲಿ 2009ರಿಂದ ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಇದೆ. ಅದರಲ್ಲಿ ನೋಂದಣಿ ಆಗದೆ ಹಿರಿಯರ ಕೇರ್ ಹೋಮ್ ನಡೆಸುವಂತಿಲ್ಲ. ಅದು ಐದು ಪ್ರಶ್ನೆ ಕೇಳುತ್ತದೆ: ಸುರಕ್ಷಿತವಾಗಿದೆಯೇ? ಆರೈಕೆ ಫಲ ಕೊಡುತ್ತಿದೆಯೇ? ಸಿಬ್ಬಂದಿಗೆ ಅಕ್ಕರೆ ಇದೆಯೇ? ಆ ವ್ಯಕ್ತಿಯ ಬೇಕು-ಬೇಡಗಳಿಗೆ ಸ್ಪಂದಿಸುತ್ತದೆಯೇ? ಆಡಳಿತ ಚೆನ್ನಾಗಿದೆಯೇ? 2014ರ ಅಕ್ಟೋಬರಿನಿಂದ ಇವಕ್ಕೆ ನಾಲ್ಕು ದರ್ಜೆ: ಅತ್ಯುತ್ತಮ, ಉತ್ತಮ, ಸುಧಾರಿಸಬೇಕು, ಸಾಲದು. 2015ರ ಏಪ್ರಿಲ್‌ನಿಂದ ಈ ದರ್ಜೆಯನ್ನು ಬಾಗಿಲ ಬಳಿಯೂ ವೆಬ್‌ಸೈಟಿನಲ್ಲೂ ಹಾಕುವುದು ಕಡ್ಡಾಯ. ವರದಿಯನ್ನು ಯಾರು ಬೇಕಾದರೂ ಕಾಸು ಕೊಡದೆ ಓದಬಹುದು.

ಹಾಗಂತ 'ಬಿಳಿಯರ ನಾಡಿನಲ್ಲಿ ಎಲ್ಲವೂ ಸರಿ' ಎಂದು ನಾನು ಹೇಳುತ್ತಿಲ್ಲ. ವೆಸ್ಟ್ ಸಸೆಕ್ಸ್‌ನ ಆರ್ಕಿಡ್ ವ್ಯೂ ಎಂಬ ಕೇರ್ ಹೋಮಿಗೆ ಇದೇ ಕಮಿಷನ್ 2010ರಲ್ಲಿ 'ಉತ್ತಮ' ಎಂದಿತ್ತು. 2011ರಲ್ಲಿ ಅದು ಮುಚ್ಚಿತು. 2013ರ ವಿಚಾರಣೆಯಲ್ಲಿ ಅಲ್ಲಿದ್ದ 19 ಹಿರಿಯರಿಗೆ ಸಾಯುವ ಮುನ್ನ ಸರಿಯಾದ ಆರೈಕೆ ಸಿಕ್ಕಿರಲಿಲ್ಲ, ಅವರಲ್ಲಿ ಐವರ ಸಾವಿನಲ್ಲಿ ನಿರ್ಲಕ್ಷ್ಯದ ಪಾಲೂ ಇತ್ತು ಎಂದು ತೀರ್ಮಾನವಾಯಿತು. 2024ರ ಜುಲೈನಲ್ಲಿ ಆರೋಗ್ಯ ಮಂತ್ರಿ ವೆಸ್ ಸ್ಟ್ರೀಟಿಂಗ್ ಈ ಕಮಿಷನ್ ತನ್ನ ಕೆಲಸಕ್ಕೇ ಯೋಗ್ಯವಾಗಿಲ್ಲ ಎಂದರು. ಐದರಲ್ಲಿ ಒಂದು ಜಾಗಕ್ಕೆ ದರ್ಜೆಯನ್ನೇ ಕೊಟ್ಟಿಲ್ಲ ಎಂಬುದು ಆಗ ಹೊರಬಿತ್ತು.

ಅಮೆರಿಕದ ಕತೆಯೂ ಅಷ್ಟೇ. 2008ರ ಡಿಸೆಂಬರಿನಲ್ಲಿ ನರ್ಸಿಂಗ್ ಹೋಮುಗಳಿಗೆ ಐದು ನಕ್ಷತ್ರದ ಪದ್ಧತಿ ಬಂತು. ಸಿಬ್ಬಂದಿ ಎಷ್ಟು ಎಂಬ ಲೆಕ್ಕವನ್ನು ಮೊದಮೊದಲು ಆಯಾ ಹೋಮುಗಳೇ ಬರೆದುಕೊಡುತ್ತಿದ್ದವು. ತಪಾಸಣೆಯ ಹೊತ್ತಿಗೆ ಜನ ತುಂಬಿಸಿ ತೋರಿಸುವುದನ್ನು ತಡೆಯಲು 2016ರಿಂದ ಸಂಬಳದ ಪಟ್ಟಿಯ ದಾಖಲೆಯನ್ನೇ ಕೇಳಲು ಶುರುಮಾಡಿದರು.

ಇದರಿಂದ ನಾವು ಕಲಿಯಬೇಕಾದ್ದು 'ನೋಡಿ, ಅಲ್ಲೂ ಆಗಲಿಲ್ಲ, ನಮಗ್ಯಾಕೆ' ಎಂಬ ಸೋಮಾರಿತನವಲ್ಲ. ಅಲ್ಲಿ ತಪ್ಪು ಬಯಲಾದದ್ದು ಯಾಕೆ? ಒಂದು ದರ್ಜೆ ಇತ್ತು, ಅದರ ಮೇಲೆ ತಾರೀಖಿತ್ತು, ಜನ ಅದನ್ನು ಹಿಡಿದು ಪ್ರಶ್ನಿಸಿದರು. ನಮ್ಮಲ್ಲಿ ಹಿಡಿದು ಪ್ರಶ್ನಿಸಲು ಒಂದು ಹಾಳೆಯೂ ಇಲ್ಲ. ಇನ್ನೊಂದು ಪಾಠ, ಆಶ್ರಮದವರು ತಾವೇ ಬರೆದುಕೊಟ್ಟ ಲೆಕ್ಕವನ್ನು ನಂಬಬಾರದು.

ನಮ್ಮ ಕಾಯ್ದೆಯಲ್ಲಿ ಏನಿದೆ?

2007ರಲ್ಲಿ ಕೇಂದ್ರ ಸರ್ಕಾರ ತಂದೆ-ತಾಯಿ ಹಾಗೂ ಹಿರಿಯ ನಾಗರಿಕರ ಪಾಲನೆ-ಪೋಷಣೆ ಕಾಯ್ದೆ ತಂದಿತು. ಅದರ 19ನೇ ಕಲಮಿನಲ್ಲಿ, ರಾಜ್ಯ ಸರ್ಕಾರ ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗವಿರುವ ಒಂದು ವೃದ್ಧಾಶ್ರಮವನ್ನಾದರೂ ಕಟ್ಟಬಹುದು, ಆಶ್ರಮಗಳಿಗೆ ಮಟ್ಟವನ್ನು ಗೊತ್ತುಮಾಡಬಹುದು ಎಂದಿದೆ. ಗಮನಿಸಿ, 'ಬಹುದು'! 'ತಕ್ಕದ್ದು' ಅಲ್ಲ. ಈ ಒಂದು ಪದದ ಹಿಂದೆ ಸರ್ಕಾರಗಳು ಇಷ್ಟು ವರ್ಷ ಆರಾಮಾಗಿ ಮಲಗಿವೆ. 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಹಿರಿಯರ ಮನೆಗಳ ನೋಂದಣಿ, ಕನಿಷ್ಠ ಮಟ್ಟ ಎರಡೂ ಇದ್ದವು. ಅದು ಪಾಸಾಗಲೇ ಇಲ್ಲ. 2024ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಅದೂ ಸತ್ತಿತು.

ದೆಹಲಿಯ ದಾರಿ ಕಾಯುತ್ತ ಕೂರಬೇಕೇ? ಖಾಸಗಿ ಆಸ್ಪತ್ರೆಗಳ ನೋಂದಣಿಗೆ ಕರ್ನಾಟಕ 2007ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಆಸ್ಪತ್ರೆಗೆ ಮಾಡಿದವರಿಗೆ ಆಶ್ರಮಕ್ಕೆ ಮಾಡಲು ಏನು ಅಡ್ಡಿ?

ಕನ್ನಡವೂ ಆರೈಕೆಯೇ

ಈಗ ಯಾರೂ ಕೇಳದ ಪ್ರಶ್ನೆ. ಡಿಮೆನ್ಶಿಯಾ ಬಂದವರಲ್ಲಿ ಆಮೇಲೆ ಕಲಿತ ನುಡಿಗಳು ಮೊದಲು ಜಾರಿ, ತಾಯ್ನುಡಿ ಕೊನೆಯವರೆಗೆ ಉಳಿಯುವುದು ಹಲವರಲ್ಲಿ ಕಂಡುಬರುತ್ತದೆ. ನಲವತ್ತು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ವ್ಯವಹರಿಸಿದ ತಂದೆ ಕೊನೆಗೆ 'ಉಚ್ಚೆ ಬರ್ತಿದೆ' ಎಂದು ಕನ್ನಡದಲ್ಲೇ ಹೇಳುವುದು. ನೋಡಿಕೊಳ್ಳುವವರಿಗೆ ಅದು ಅರ್ಥವಾಗದಿದ್ದರೆ? ಬಟ್ಟೆ ಒದ್ದೆಯಾಗುತ್ತದೆ, ಹುಣ್ಣಾಗುತ್ತದೆ, 'ಅಜ್ಜ ಗಲಾಟೆ ಮಾಡ್ತಾರೆ' ಎಂದು ಮಾತ್ರೆ ಬರುತ್ತದೆ. ಎಲ್ಲ ಶುರುವಾದದ್ದು ಒಂದು ಕನ್ನಡ ಮಾತು ತಿಳಿಯದ್ದರಿಂದ!

ಬೇರೆ ರಾಜ್ಯಗಳಿಂದ ಹೊಟ್ಟೆಪಾಡಿಗೆ ಬಂದು ಇಂಥ ಕಷ್ಟದ ಕೆಲಸ ಮಾಡುವ ಹುಡುಗ-ಹುಡುಗಿಯರನ್ನು ದೂರಬೇಡಿ. ನಾವೂ ಹೊಟ್ಟೆಪಾಡಿಗೆ ಹೊರನಾಡಿಗೆ ಬಂದವರೇ. ಅವರಿಗೆ ಸಂಬಳ ಕೊಟ್ಟು ಕನ್ನಡ ಕಲಿಸುವುದು ಮಾಲೀಕರ ಹೊಣೆ. 'ನೋವು, ನೀರು, ಹಸಿವು, ಚಳಿ, ಭಯ' ಅರ್ಥವಾಗದವರನ್ನು ಹಿರಿಯರ ಬಳಿ ಒಬ್ಬರೇ ಬಿಡಬಾರದು ಎಂಬುದು ಸುರಕ್ಷತೆಯ ನಿಯಮವಾಗಬೇಕು. ಇದನ್ನು ಯಾರಾದರೂ 'ಭಾಷಾಭಿಮಾನದ ಕೂಗು' ಎಂದರೆ, ಅವರ ತಾಯಿಯನ್ನು ಒಂದು ವಾರ ಆಕೆಯ ಮಾತು ಯಾರಿಗೂ ತಿಳಿಯದ ಕಡೆ ಬಿಟ್ಟು ನೋಡಲಿ.

ಮೂರು ಸಬೂಬುಗಳು

'ಆಶ್ರಮಕ್ಕೆ ಕಳಿಸುವುದೇ ಪಾಪ, ಇನ್ನು ಗುಣಮಟ್ಟ ಯಾಕೆ?' ಎನ್ನುವವರಿದ್ದಾರೆ. ಮಕ್ಕಳಿಲ್ಲದವರು, ಮಕ್ಕಳು ಕಾಯಿಲೆ ಬಿದ್ದವರು, ತಾವಾಗಿಯೇ ಆಶ್ರಮ ಆರಿಸಿಕೊಂಡವರು ಎಲ್ಲಿಗೆ ಹೋಗಬೇಕು? ಈ ನಾಚಿಕೆಯೇ ಕೆಟ್ಟ ಆಶ್ರಮಗಳ ಕೋಟೆ. 'ನಾಲ್ಕು ಜನ ಏನಂತಾರೆ' ಎಂದು ಮನೆಯವರು ದೂರು ಕೊಡುವುದೇ ಇಲ್ಲ.

'ನಾವು ಟ್ರಸ್ಟು, ಸೇವೆ ಮಾಡುತ್ತಿದ್ದೇವೆ, ತಪಾಸಣೆ ಅವಮಾನ' ಎನ್ನುವವರಿದ್ದಾರೆ. ಸ್ವಾಮಿ, ಒಳ್ಳೆಯ ಕೆಲಸ ಮಾಡುವವರಿಗೆ ತಪಾಸಣೆಯೇ ಪ್ರಚಾರ. ಇಂದು ಒಳ್ಳೆಯ ಆಶ್ರಮಕ್ಕೂ ಕೆಟ್ಟ ಆಶ್ರಮಕ್ಕೂ ಒಂದೇ ಬ್ರೋಷರು!

'ನಿಯಮ ತಂದರೆ ಇನ್ಸ್‌ಪೆಕ್ಟರಿಗೆ ಲಂಚ, ಸಣ್ಣವರು ಮುಚ್ಚಬೇಕಾಗುತ್ತದೆ' ಎಂಬುದು ಮೂರನೆಯದು. ಈ ಮಾತಿನಲ್ಲಿ ಸತ್ಯವಿದೆ. ಆದ್ದರಿಂದಲೇ ವರದಿ ಬಹಿರಂಗವಾಗಿರಬೇಕು, ತಪಾಸಣೆಯ ತಂಡದಲ್ಲಿ ಒಬ್ಬ ನರ್ಸ್, ಹೊರಗಿನ ಒಬ್ಬ ಹಿರಿಯ ನಾಗರಿಕರು ಇರಬೇಕು, ಸಣ್ಣ ಮನೆಗಳಿಗೆ ಸುಧಾರಿಸಿಕೊಳ್ಳಲು ಸಮಯ ಕೊಡಬೇಕು. ನಾವು ಕೇಳುತ್ತಿರುವುದು ಗ್ರಾನೈಟ್ ನೆಲವನ್ನಲ್ಲ.

ನಮ್ಮ ಬೇಡಿಕೆಗಳು

1. ಕರ್ನಾಟಕದ ಪ್ರತಿ ವೃದ್ಧಾಶ್ರಮಕ್ಕೂ ಕಡ್ಡಾಯ ನೋಂದಣಿ.
2. ವರ್ಷಕ್ಕೊಮ್ಮೆಯಾದರೂ ಹೇಳದೇ ತಪಾಸಣೆ, ಅದರಲ್ಲಿ ರಾತ್ರಿಯ ಭೇಟಿ ಸೇರಿರಲಿ.
3. ಸಿಬ್ಬಂದಿ ಸಂಖ್ಯೆ, ಬಿದ್ದ ಘಟನೆ, ಹಾಸಿಗೆ ಹುಣ್ಣು, ತೂಕ ಇಳಿಕೆ, ಮನೋರೋಗದ ಮಾತ್ರೆ ಈ ಐದರ ಲೆಕ್ಕ ಪ್ರಕಟವಾಗಲಿ.
4. ದರ್ಜೆ, ವರದಿ, ದೂರಿನ ಅರ್ಜಿ ಎಲ್ಲವೂ ಕನ್ನಡದಲ್ಲಿರಲಿ, ಬಾಗಿಲಲ್ಲೇ ಕಾಣಲಿ.
5. ಪ್ರತಿ ಪಾಳಿಯಲ್ಲೂ ಕನ್ನಡ ಬಲ್ಲವರು ಇರಲಿ.

ಕಾಯ್ದೆ ಬರುವವರೆಗೆ ನಾವೇನು ಮಾಡೋಣ? ಮುಂದಿನ ಸಲ ಊರಿಗೆ ಹೋದಾಗ ಮಧ್ಯಾಹ್ನದ ಬದಲು ರಾತ್ರಿ ಊಟದ ಹೊತ್ತಿಗೆ ಆಶ್ರಮಕ್ಕೆ ಹೋಗಿ. ಮೂತ್ರದ ವಾಸನೆ ಇದೆಯೇ, ಕರೆಗಂಟೆ ಒತ್ತಿದರೆ ಎಷ್ಟು ನಿಮಿಷಕ್ಕೆ ಬರುತ್ತಾರೆ, ಆಯಾ ಹಿರಿಯರನ್ನು ಹೆಸರಿಟ್ಟು ಕರೆಯುತ್ತಾರೋ ರೂಮ್ ನಂಬರ್ ಹೇಳುತ್ತಾರೋ ನೋಡಿ. ತೂಕದ ನೋಟ್‌ಬುಕ್, ಮಾತ್ರೆ ಚೀಟಿ ಕೇಳಿ ಪಡೆಯಿರಿ. ಅಮ್ಮನ ಜೊತೆ ಬಾಗಿಲು ಹಾಕಿಕೊಂಡು ಒಬ್ಬರೇ ಮಾತಾಡಿ. ದೌರ್ಜನ್ಯ ಕಂಡರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಭಾರತದಲ್ಲಿರುವ ನೆಂಟರಿಂದ ಫೋನ್ ಮಾಡಿಸಿ. ನಿಮ್ಮ ಕ್ಷೇತ್ರದ ಶಾಸಕರಿಗೆ ಮೇಲಿನ ಐದು ಬೇಡಿಕೆಗಳನ್ನು ಕನ್ನಡದಲ್ಲೇ ಬರೆದು ಕಳುಹಿಸಿ.

ರಾಜ್ಯೋತ್ಸವಕ್ಕೆ ಹೊರನಾಡಿನಲ್ಲಿ ಹಾಲ್ ಬಾಡಿಗೆ ಹಿಡಿದು, ಕಲಾವಿದರನ್ನು ಕರೆಸಿ, ಬಿಸಿಬೇಳೆಬಾತು ಉಂಡು ಕನ್ನಡಾಂಬೆಗೆ ಜೈ ಎನ್ನುತ್ತೇವೆ. ತಪ್ಪಿಲ್ಲ. ಆದರೆ ನಮಗೆ ಕನ್ನಡ ಕಲಿಸಿದವರು ಮಂಡ್ಯ, ಮೈಸೂರು, ಧಾರವಾಡದ ಯಾವುದೋ ಕೋಣೆಯಲ್ಲಿ ನೀರು ಕೇಳುತ್ತಿರುವಾಗ ಆ ಮಾತು ಅರ್ಥವಾಗುವ ಒಬ್ಬರಾದರೂ ಪಕ್ಕದಲ್ಲಿರುವಂತೆ ಮಾಡುವುದೂ ಕನ್ನಡದ ಕೆಲಸವೇ. ಏನಂತೀರಿ?

ಈ ಮಿಂಚೆಯನ್ನು ನಿಮ್ಮ ಗೆಳೆಯರಿಗೂ ಕಳುಹಿಸಿ, ಮುಖ್ಯವಾಗಿ ಊರಿನಲ್ಲಿರುವ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ.

ಇಂತಿ,
ಇಂಗ್ಲೆಂಡಿನಿಂದ ನಿಮ್ಮ ಕನ್ನಡಿಗ ಗೆಳೆಯ