ಜಲದುರ್ಗದ ದಂಡೆಯಲ್ಲಿ

ಅಮೆರಿಕದಲ್ಲಿರುವ ನನ್ನ ಮೊಮ್ಮಗಳು ಡಿಸೆಂಬರ್ ರಜೆಗೆ ಸಿಂಧನೂರಿಗೆ ಬಂದಿದ್ದಳು. ಒಂದು ದಿನ ಫೋನಿನಲ್ಲಿ ಫೋಟೊ ತೋರಿಸಿದಳು. ಐಡಹೊ ರಾಜ್ಯದ ಸ್ನೇಕ್ ನದಿ, ಮಧ್ಯದಲ್ಲಿ ಮೂರು ನಡುಗಡ್ಡೆ, ದಂಡೆಯಲ್ಲಿ ಹುಲ್ಲುಹಾಸಿನ ಪಾರ್ಕು. 1840ರ ದಶಕದಲ್ಲಿ ಪಶ್ಚಿಮಕ್ಕೆ ವಲಸೆ ಹೊರಟ ಕುಟುಂಬಗಳು ಬಂಡಿ, ಎತ್ತು, ಕೂಸುಕುನ್ನಿಗಳ ಸಮೇತ ಆ ನಡುಗಡ್ಡೆಗಳ ಆಸರೆಯಲ್ಲಿ ನದಿ ದಾಟುತ್ತಿದ್ದರಂತೆ. ಆಚೆ ದಂಡೆಯಲ್ಲಿ ಹುಲ್ಲು, ನೀರು ಚೆನ್ನಾಗಿತ್ತು. ಧೈರ್ಯ ಸಾಲದವರು ಈಚೆಯ ಒಣ ದಾರಿಯಲ್ಲೇ ಮುಂದೆ ಹೋಗುತ್ತಿದ್ದರು. 1869ರಲ್ಲಿ ಸಮೀಪದಲ್ಲೇ ದೋಣಿ ಬಂತು. ಆ ನೆಲದಲ್ಲಿ ಮೊದಲಿನಿಂದಲೂ ಇದ್ದ ಶೋಶೋನಿ ಜನರಿಗೆ ನದಿಯೇನು ಹೊಸದಲ್ಲ ಬಿಡಿ.

“ತಾತ, ನಮ್ಮಲ್ಲಿ ಇಂಥ ಜಾಗ ಇದೆಯಾ?”

“ಬುತ್ತಿ ಕಟ್ಟಿಸು, ನಾಳೆ ಹೋಗೋಣ” ಎಂದೆ.

ಮಸ್ಕಿಯಲ್ಲಿ ಅಶೋಕನ ಶಾಸನದ ಬಂಡೆ ನೋಡಿ, ಲಿಂಗಸುಗೂರು ದಾಟಿ ಜಲದುರ್ಗ ಮುಟ್ಟಿದೆವು. ಕೃಷ್ಣಾ ನದಿ ಇಲ್ಲಿ ಕವಲೊಡೆದು ನಡುಗಡ್ಡೆಗಳನ್ನು ತಬ್ಬಿಕೊಂಡು ಹರಿಯುತ್ತದೆ. ಎತ್ತರದಲ್ಲಿ ಒಂದು ಕಾಲಕ್ಕೆ ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿದ್ದ ಕೋಟೆ. ಹುಲ್ಲುಹಾಸು ಎಲ್ಲಿ ಎಂದು ಮೊಮ್ಮಗಳು ಹುಡುಕಿದಳು. ನಾವು ಬಂಡೆಯ ಮೇಲೆ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು.

ಹರಿಗೋಲು ಎಂದರೇನೆಂದು ಅವಳಿಗೆ ಹೇಳಬೇಕಾಯಿತು. ಬಿದಿರಿನ ದುಂಡನೆ ಬುಟ್ಟಿ, ಹೊರಗೆ ಹಿಂದೆಲ್ಲ ತೊಗಲಿನ ಹೊದಿಕೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ತುಂಗಭದ್ರೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ: ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಕುದುರೆ ಎತ್ತುಗಳೂ ದಾಟುತ್ತವೆ, ಹುಟ್ಟು ಹಾಕಿದರೆ ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತದೆ. ಈಗ ಇಲ್ಲಿ ಶೀಲಹಳ್ಳಿ ಸೇತುವೆ ಇದೆ. ಆದರೆ ನಾರಾಯಣಪುರದ ಬಸವಸಾಗರ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಅದು ಮುಳುಗುತ್ತದೆ. ಆಗ ಹಂಚಿನಾಳ, ಯರಗೋಡಿ, ಕಡದರಗಡ್ಡಿಯ ಜನರಿಗೆ ಶಾಲೆ, ಸಂತೆ, ದವಾಖಾನೆ ಎಲ್ಲವೂ ದೂರ.

ಅಲ್ಲಿ ಕುಳಿತಾಗ ನನಗೊಂದು ಹಳೆಯ ಸಂಗತಿ ನೆನಪಾಯಿತು.

1981ರ ಮಳೆಗಾಲ. ನಾನು ಲಿಂಗಸುಗೂರು ಸೀಮೆಯ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತ. ಎರಡು ಗಂಟೆಗೆ ನಗದು ವ್ಯವಹಾರ ಬಂದ್. ಎರಡೂ ಹತ್ತಕ್ಕೆ ಪಂಚೆ ಮೊಣಕಾಲಿನವರೆಗೆ ತೊಯ್ದ ರೈತನೊಬ್ಬ ಪಾಸ್‌ಬುಕ್ ಹಿಡಿದು ಬಂದ. ಇನ್ನೂರು ರೂಪಾಯಿ ಬೇಕಿತ್ತು, ಮನೆಯಲ್ಲಿ ಹೆಂಡತಿಗೆ ಹುಷಾರಿಲ್ಲ.

“ಟೈಮ್ ಆತು, ನಾಳೆ ಬರ್ರಿ” ಎಂದೆ. ಬಿ.ಕಾಂ. ಓದಿ ಬಂದ ಹುಡುಗ. ಕ್ಯಾಶ್ ಪುಸ್ತಕ ಮುಗಿಸುವ ಅವಸರ. ಆತ ವಾದಿಸಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಬ್ಯಾಂಕಿನ ಮೆಟ್ಟಿಲ ಮೇಲೆ ಕಂಬಳಿ ಹೊದ್ದು ಕುಳಿತಿದ್ದ.

“ಊರಿಗೆ ಹೋಗ್ಲಿಲ್ಲೇನು?”

“ಸಂಜಿ ಮುಂದ ತೆಪ್ಪ ಇರಂಗಿಲ್ರಿ ಸಾಹೇಬ್ರ. ಹೊಳಿ ಬಂದೈತಿ.”

ಆತನ ಊರು ನಡುಗಡ್ಡೆಯದು ಎಂದು ನನಗೆ ಆಗ ತಿಳಿಯಿತು. ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ವಿಳಾಸ ಬರೆದಿತ್ತು, ಅದೂ ನನ್ನದೇ ಅಕ್ಷರದಲ್ಲಿ. ಅವತ್ತು ಮೊದಲ ಟೋಕನ್ ಅವನಿಗೇ ಕೊಟ್ಟೆ. ಎರಡು ನೂರರ ನೋಟು ಎಣಿಸಿಕೊಂಡು, ಕೈಮುಗಿದು, ಹೊರಟುಹೋದ. ಕೈಮುಗಿದದ್ದು ಇವತ್ತಿಗೂ ಚುಚ್ಚುತ್ತದೆ.

ಮೊಮ್ಮಗಳು ನೀರಿಗೆ ಕಲ್ಲೆಸೆಯುವುದನ್ನು ನಿಲ್ಲಿಸಿ ಕೇಳಿದಳು, “ಆಮೇಲೆ ಅವರ ಹೆಂಡತಿಗೆ ವಾಸಿ ಆಯ್ತಾ, ತಾತ?”

ನನಗೆ ಗೊತ್ತಿರಲಿಲ್ಲ. ಅವನು ಮತ್ತೆ ಬ್ಯಾಂಕಿಗೆ ಬಂದಾಗಲೂ ನಾನು ಕೇಳಿರಲಿಲ್ಲ.